ರದ್ದಾದ ವೀಸಾ

೨೦೦೭ನೆಯ ಇಸವಿಯ ಜುಲೈ ೧೬, ಸೋಮವಾರ. ಆಸ್ಟ್ರೇಲಿಯಾ ದೇಶದ ಬ್ರಿಸ್ಬೇನ್ ನಗರದ ನ್ಯಾಯಾಲಯದಲ್ಲಿ ಬೆಂಗಳೂರಿನ ತರುಣ ವೈದ್ಯರೊಬ್ಬರಿಗೆ ಜಾಮೀನು ದೊರೆಯಿತು. ಹದಿನಾಲ್ಕು ದಿನಗಳಿಂದ ಪೊಲೀಸರ ವಶದಲ್ಲಿದ್ದವರು ಅವರು. ಹತ್ತು ಸಾವಿರ ಡಾಲರುಗಳ ಭದ್ರತೆಯನ್ನು ಒದಗಿಸಿದರೆ ಹೊರಗೆ ಬರಬಹುದೆಂದು ನ್ಯಾಯಾಧೀಶರು ಆಜ್ಞೆ ಮಾಡಿದರು. ಸಮುದ್ರದ ಈಚೆ ಬೆಂಗಳೂರಿನಲ್ಲಿ ಅವರ ತಾಯಿಯೂ, ಬಾಣಂತಿಯಾದ ಪತ್ನಿಯೂ, ತಂದೆಯಿನ್ನೂ ಎತ್ತಿ ಆಡಿಸದ ಮೂರು ವಾರದ ಹಸುಳೆಯೂ ಕಾದಿದ್ದರು. ಆದರೆ ಆ ಆಜ್ಞೆಯ ಶಾಯಿ ಆರುವುದರೊಳಗೆ ಇನ್ನೊಂದು ಆಜ್ಞೆ ಹೊರಟಿತು. ಅಂದಿನ ವಲಸೆ ಸಚಿವರಾಗಿದ್ದ ಕೆವಿನ್ ಆಂಡ್ರೂಸ್ ಅವರು ಆ ವೈದ್ಯರ ವೀಸಾವನ್ನು ರದ್ದುಪಡಿಸಿರುವುದಾಗಿ ಸಾರಿದರು. ನ್ಯಾಯಾಲಯ ತೆರೆದ ಬಾಗಿಲನ್ನು ಸರ್ಕಾರ ಇನ್ನೊಂದು ಕಡೆಯಿಂದ ಮುಚ್ಚಿತು.

ಆ ವೈದ್ಯರೇ ಡಾಕ್ಟರ್ ಮೊಹಮ್ಮದ್ ಹನೀಫ್. ಹುಟ್ಟಿದ್ದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ. ತಂದೆ ಶಾಲೆಯ ಉಪಾಧ್ಯಾಯರು. ವೈದ್ಯವಿದ್ಯೆಯನ್ನು ಕಲಿತದ್ದು ಬೆಂಗಳೂರು ದಂಡಿನ ಆಚೆ, ಟ್ಯಾನರಿ ರಸ್ತೆಯನ್ನು ಹಿಡಿದು ಹೋದರೆ ಸಿಕ್ಕುವ ಕಾಡುಗೊಂಡನಹಳ್ಳಿಯ ಡಾಕ್ಟರ್ ಬಿ. ಆರ್. ಅಂಬೇಡ್ಕರ್ ವೈದ್ಯಕೀಯ ಕಾಲೇಜಿನಲ್ಲಿ. ೨೦೦೨ರಲ್ಲಿ ಪದವಿ ಪಡೆದು ಇಂಗ್ಲೆಂಡಿಗೆ ಹೋದರು. ಅಲ್ಲಿ ಲಿವರ್‌ಪೂಲ್ ನಗರದ ಸಮೀಪದ ಆಸ್ಪತ್ರೆಯಲ್ಲಿ ದುಡಿದರು. ೨೦೦೬ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯನ್ನು ಸೇರಿದರು. ನಮ್ಮ ನಗರದ ಎಷ್ಟೋ ಮನೆಗಳ ಮಕ್ಕಳು ನಡೆದ ದಾರಿಯೇ ಇದು. ಆ ದಾರಿಯ ನಡುವೆ, ತಾವು ಮಾಡದ ಒಂದು ತಪ್ಪಿನ ಹೊರೆ ಅವರ ತಲೆಯ ಮೇಲೆ ಬಿದ್ದಿತು.

ಇಂದು ದಂಡು ರೈಲ್ವೆ ನಿಲ್ದಾಣದಿಂದ ಶಿವಾಜಿನಗರ, ಹಲಸೂರು, ಇಂದಿರಾನಗರಗಳನ್ನು ಹಾದು ಕೃಷ್ಣರಾಜಪುರದವರೆಗೆ ನಡೆದರೆ, ಮಗನೋ ಮಗಳೋ ಹೊರದೇಶದಲ್ಲಿಲ್ಲದ ಬೀದಿಯನ್ನು ಕಾಣುವುದು ಕಷ್ಟ. ಆ ಮಕ್ಕಳೆಲ್ಲರ ಪ್ರಯಾಣವೂ ವಿಮಾನದಿಂದ ಆರಂಭವಾಗಲಿಲ್ಲ. ಒಂದು ಅರ್ಜಿಯ ನಮೂನೆಯಿಂದ ಆರಂಭವಾಯಿತು. ಹೆಸರು, ಹುಟ್ಟಿದ ದಿನ, ಓದು, ಹಿಂದಿನ ಉದ್ಯೋಗ, ವಿವಾಹ, ಬಂಧುಗಳು, ಹಿಂದೆ ಯಾವ ದೇಶವಾದರೂ ಪ್ರವೇಶವನ್ನು ನಿರಾಕರಿಸಿತ್ತೇ ಎಂಬ ಪ್ರಶ್ನೆ. ಈ ನಮೂನೆಯ ಕೊನೆಯಲ್ಲಿ, ಮೇಲೆ ಬರೆದುದೆಲ್ಲವೂ ಸತ್ಯವೆಂದು ಒಂದು ರುಜು. ಹನೀಫರ ಕಥೆಯನ್ನು ಅರಿಯಬೇಕಾದರೆ ಮೊದಲು ಆ ರುಜುವಿನ ತೂಕವೆಷ್ಟೆಂಬುದನ್ನು ಅರಿಯಬೇಕು.

ದಂಡಿನ ಹಳೆಯ ಪಾಠ

ಕಾಗದದ ಮೇಲೆ ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಾದ ಈ ಕಷ್ಟ ದಂಡು ಪ್ರದೇಶಕ್ಕೆ ಹೊಸದಲ್ಲ. ೧೮೦೯ರಲ್ಲಿ ಬ್ರಿಟಿಷರ ಸೈನ್ಯದ ಬೀಡಾಗಿ ಬೆಳೆಯತೊಡಗಿದ ಈ ಭಾಗ ೧೯೪೭ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಆಡಳಿತಕ್ಕೆ ಬಂದವು. ಆ ಸಂಧಿಕಾಲದಲ್ಲಿ ಇಲ್ಲಿನ ಆಂಗ್ಲೋ-ಇಂಡಿಯನ್ ಕುಟುಂಬಗಳು ಅನೇಕ ಬ್ರಿಟನ್ನಿಗೂ ಆಸ್ಟ್ರೇಲಿಯಾಕ್ಕೂ ಹೊರಟವು. ಹೊರಡುವುದಕ್ಕೆ ಹಣವಿದ್ದರೆ ಸಾಲದು. ವಂಶದ ಮೂಲಪುರುಷನು ಯುರೋಪಿನವನೆಂಬುದಕ್ಕೆ ಆಧಾರ ಬೇಕಾಗಿತ್ತು. ಅಜ್ಜನ, ಮುತ್ತಜ್ಜನ ದೀಕ್ಷಾಸ್ನಾನದ ದಿನಾಂಕವನ್ನು ಹುಡುಕಿಕೊಂಡು ಮೊಮ್ಮಕ್ಕಳು ಚರ್ಚುಗಳ ಹಳೆಯ ದಾಖಲೆ ಪುಸ್ತಕಗಳ ಮುಂದೆ ನಿಂತ ಕಾಲವದು. ಬಿಳಿಯರಿಗೇ ಮೀಸಲೆಂಬ ಆಸ್ಟ್ರೇಲಿಯಾದ ವಲಸೆ ನೀತಿ ೧೯೬೬ರಲ್ಲಿ ಸಡಿಲಗೊಂಡು ೧೯೭೩ರಲ್ಲಿ ಪೂರ್ಣವಾಗಿ ತೊಲಗುವವರೆಗೆ, ಮೈಬಣ್ಣವೂ ಮೂಲಪುರುಷನ ಹೆಸರೂ ಮನುಷ್ಯನ ಯೋಗ್ಯತೆಯ ಅಳತೆಗೋಲುಗಳಾಗಿದ್ದವು.

ಬಣ್ಣದ ಪ್ರಶ್ನೆ ಹೋಯಿತು. ಕಾಗದದ ಪ್ರಶ್ನೆ ಉಳಿಯಿತು. ಅರ್ಜಿದಾರನು ಯಾರೆಂಬುದನ್ನು ದೂರದ ಅಧಿಕಾರಿಯೊಬ್ಬನು ಅವನ ಬರಹದಿಂದಲೇ ತಿಳಿಯಬೇಕು. ಆದ್ದರಿಂದಲೇ ಆ ಬರಹ ಸುಳ್ಳಾದರೆ ಶಿಕ್ಷೆಯೂ ಘೋರವಾಗಿದೆ.

ಕಾಯಿದೆಯ ಬಿಗಿ

ಆಸ್ಟ್ರೇಲಿಯಾದ ೧೯೫೮ರ ವಲಸೆ ಕಾಯಿದೆಯನ್ನೇ ತೆಗೆದುಕೊಳ್ಳೋಣ. ಅದರ ೧೦೧ನೆಯ ಕಲಮಿನಂತೆ, ವೀಸಾದ ಅರ್ಜಿಯಲ್ಲಿರುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಡಬೇಕು. ತಪ್ಪು ಉತ್ತರವನ್ನು ಕೊಡಕೂಡದು. ವಿಮಾನದಿಂದ ಇಳಿಯುವಾಗ ತುಂಬುವ ಪ್ರಯಾಣಿಕರ ಚೀಟಿಗೂ ಇದೇ ನಿಯಮ. ಅರ್ಜಿ ಸಲ್ಲಿಸಿದ ಮೇಲೆ ಸನ್ನಿವೇಶ ಬದಲಾಗಿ ಮೊದಲು ಕೊಟ್ಟ ಉತ್ತರ ನಿಜವಾಗಿ ಉಳಿಯದಿದ್ದರೆ, ಅದನ್ನು ಕೂಡಲೇ ಬರೆದು ತಿಳಿಸಬೇಕು. ಕೊಟ್ಟ ಉತ್ತರ ತಪ್ಪೆಂದು ಅನಂತರ ಅರಿವಾದರೂ ಹಾಗೆಯೇ. ತಪ್ಪಿದರೆ, ೧೦೯ನೆಯ ಕಲಮಿನಂತೆ ವೀಸಾವನ್ನು ರದ್ದುಮಾಡಬಹುದು.

ಇಲ್ಲಿ ನಮ್ಮ ಗೃಹಸ್ಥರು ಸಾಮಾನ್ಯವಾಗಿ ಅರಿಯದ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಅರ್ಜಿಯನ್ನು ಏಜೆಂಟನು ತುಂಬಿದರೂ ಅರ್ಜಿದಾರನೇ ತುಂಬಿದಂತೆ. "ನಾನು ರುಜು ಮಾತ್ರ ಮಾಡಿದೆ, ಬರೆದವರು ಅವರು" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಎರಡನೆಯದು, ಉತ್ತರ ತಪ್ಪೆಂಬುದು ಕೊಟ್ಟವನಿಗೆ ಗೊತ್ತಿಲ್ಲದಿದ್ದರೂ ಅದು ತಪ್ಪೇ. ಬೇಕೆಂದು ಮಾಡಿದುದೋ ಕೈತಪ್ಪಿ ಆದುದೋ ಎಂಬ ಭೇದವನ್ನು ಆ ಕಲಮು ಮೊದಲಿಗೇ ಎಣಿಸುವುದಿಲ್ಲ. ಹೆಂಡತಿ ಮಕ್ಕಳ ವೀಸಾ ಗಂಡನ ವೀಸಾವನ್ನು ಆಶ್ರಯಿಸಿದ್ದರೆ, ಒಂದು ಬಿದ್ದೊಡನೆ ಉಳಿದವೂ ಬೀಳಬಹುದು. ಒಂದು ಸಾಲು ತಪ್ಪಿದರೆ ಒಂದು ಸಂಸಾರವೇ ಮೂಟೆ ಕಟ್ಟಬೇಕಾದೀತು.

ಹಾಗೆಂದು ಕಾಯಿದೆ ಕಿವುಡಲ್ಲ. ರದ್ದುಮಾಡುವ ಮೊದಲು, ಎಲ್ಲಿ ಏನು ತಪ್ಪಾಗಿದೆಯೆಂಬುದನ್ನು ವಿವರಿಸಿ ನೋಟೀಸು ಕೊಡಬೇಕು. ಉತ್ತರಿಸಲು ಸಾಧಾರಣವಾಗಿ ಹದಿನಾಲ್ಕು ದಿನಗಳ ಅವಧಿ ಸಿಕ್ಕುತ್ತದೆ. ತಪ್ಪು ಆಗಿದೆಯೆಂದು ತೀರ್ಮಾನವಾದ ಮೇಲೂ ಅಧಿಕಾರಿಯು ಹಲವು ಸಂಗತಿಗಳನ್ನು ತೂಗಿ ನೋಡಬೇಕು: ನಿಜವಾದ ಮಾಹಿತಿ ಯಾವುದು, ವೀಸಾ ದೊರೆತದ್ದು ಆ ತಪ್ಪು ಮಾಹಿತಿಯ ಬಲದಿಂದಲೋ ಅಲ್ಲವೋ, ತಪ್ಪು ಯಾವ ಸನ್ನಿವೇಶದಲ್ಲಿ ನಡೆಯಿತು, ಅನಂತರ ಎಷ್ಟು ಕಾಲ ಕಳೆಯಿತು, ಆ ವ್ಯಕ್ತಿಯ ಈಗಿನ ಪರಿಸ್ಥಿತಿಯೇನು, ಅವನು ಆ ಸಮಾಜಕ್ಕೆ ಏನಾದರೂ ಉಪಕಾರ ಮಾಡಿದ್ದಾನೆಯೇ. ಕೈತಪ್ಪಿಗೂ ಕಪಟಕ್ಕೂ ಇರುವ ಅಂತರ ಇಲ್ಲಿಯಾದರೂ ಲೆಕ್ಕಕ್ಕೆ ಬರುತ್ತದೆ.

ಇತರ ದೇಶಗಳೂ ಸಡಿಲವಾಗಿಲ್ಲ. ವೀಸಾ ಪಡೆಯುವುದಕ್ಕಾಗಿ ಮುಖ್ಯ ಸಂಗತಿಯೊಂದನ್ನು ಬೇಕೆಂದೇ ತಿರುಚಿ ಹೇಳಿದವನಿಗೆ ಅಮೆರಿಕದ ಬಾಗಿಲು, ವಿಶೇಷ ವಿನಾಯಿತಿ ದೊರೆತ ಹೊರತು, ಜೀವಮಾನಪರ್ಯಂತ ಮುಚ್ಚಿಹೋಗುತ್ತದೆ. ಕೆನಡಾ ಐದು ವರ್ಷ ದೂರವಿಡುತ್ತದೆ. ವಂಚನೆಯೆಂದು ಕಂಡರೆ ಬ್ರಿಟನ್ ಹತ್ತು ವರ್ಷಗಳವರೆಗೆ ಬಹಿಷ್ಕರಿಸಬಹುದು. ನಮ್ಮ ದೇಶದಲ್ಲಿಯೂ ೧೯೬೭ರ ಪಾಸ್‌ಪೋರ್ಟ್ ಕಾಯಿದೆಯಂತೆ, ತಪ್ಪು ಮಾಹಿತಿಯಿಂದಾಗಲಿ ಮುಖ್ಯ ಸಂಗತಿಯನ್ನು ಮುಚ್ಚಿಟ್ಟಾಗಲಿ ಪಡೆದ ರಹದಾರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು.

ಇದೆಲ್ಲವನ್ನೂ ಯಾರೂ ಆಕ್ಷೇಪಿಸಲಾರರು. ಮನೆಯೊಳಗೆ ಬರುವವನು ನಿಜ ಹೇಳಲಿ ಎಂದು ಮನೆಯೊಡೆಯ ಕೇಳುವುದು ನ್ಯಾಯವೇ. ಆದರೆ ಮನೆಯೊಡೆಯನ ಕಡೆಯಿಂದಲೇ ತಪ್ಪು ಮಾಹಿತಿ ಹೊರಟರೆ? ಹನೀಫರ ಪ್ರಕರಣ ಲೋಕದ ಮುಂದಿಟ್ಟ ಪ್ರಶ್ನೆ ಇದು.

ಒಂದು ಸಿಮ್ ಕಾರ್ಡಿನ ಕಥೆ

೨೦೦೭ರ ಜೂನ್ ೩೦ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಲಾಯಿತು. ಜೀಪನ್ನು ನಡೆಸಿದವನು ಬೆಂಗಳೂರಿನವನಾದ ಇಂಜಿನಿಯರ್ ಕಫೀಲ್ ಅಹಮದ್. ಸುಟ್ಟ ಗಾಯಗಳಿಂದ ಆಗಸ್ಟ್ ೨ರಂದು ಆಸ್ಪತ್ರೆಯಲ್ಲಿ ಸತ್ತನು. ಅವನ ತಮ್ಮ ಸಬೀಲ್ ಅಹಮದ್ ಲಿವರ್‌ಪೂಲಿನಲ್ಲಿ ಸೆರೆಯಾದನು. ಈ ಸೋದರರು ಹನೀಫರಿಗೆ ದೂರದ ದಾಯಾದಿಗಳು.

೨೦೦೬ರಲ್ಲಿ ಇಂಗ್ಲೆಂಡನ್ನು ಬಿಡುವಾಗ ಹನೀಫರು ತಮ್ಮ ಮೊಬೈಲ್ ದೂರವಾಣಿಯ ಸಿಮ್ ಕಾರ್ಡನ್ನು ಸಬೀಲನಿಗೆ ಕೊಟ್ಟಿದ್ದರು. ಅದರಲ್ಲಿ ಬಳಸದೆ ಉಳಿದ ನಿಮಿಷಗಳು ವ್ಯರ್ಥವಾಗದಿರಲಿ ಎಂಬುದಷ್ಟೇ ಕಾರಣ. ಊರು ಬಿಡುವವನು ಹಿಂದೆ ಉಳಿಯುವ ನೆಂಟನಿಗೆ ಉಳಿದ ಅಕ್ಕಿಬೇಳೆಯನ್ನು ಕೊಟ್ಟುಹೋಗುವುದಿಲ್ಲವೇ? ಅಂಥ ಸಾಧಾರಣ ಗೃಹಕೃತ್ಯ. ಒಂದು ವರ್ಷದ ಮೇಲೆ ಅದೇ ಅವರ ಕೊರಳಿಗೆ ಉರುಳಾಯಿತು.

ಆ ಜೂನ್ ೨೬ರಂದು ಬೆಂಗಳೂರಿನಲ್ಲಿ ಅವರ ಪತ್ನಿಗೆ ಶಸ್ತ್ರಚಿಕಿತ್ಸೆಯಾಗಿ ಹೆಣ್ಣು ಮಗು ಹುಟ್ಟಿತ್ತು. ಮಗುವನ್ನು ನೋಡಲು ಜುಲೈ ೨ರ ರಾತ್ರಿ ಹೊರಟ ಹನೀಫರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಕೈಯಲ್ಲಿದ್ದದ್ದು ಹೋಗುವ ಟಿಕೀಟು ಮಾತ್ರ. ಬರುವ ಟಿಕೀಟು ಇರಲಿಲ್ಲ. ಅವರ ಸಿಮ್ ಕಾರ್ಡಿನ ವಿಷಯವಾಗಿ ಬ್ರಿಟನ್ನಿನ ಪೊಲೀಸರು ವಿಚಾರಿಸುತ್ತಿದ್ದಾರೆಂದು ತಿಳಿದು, ಹೊರಡುವ ಮುಂಚೆ ಅಲ್ಲಿಯ ಪೊಲೀಸ್ ಅಧಿಕಾರಿಯೊಬ್ಬರ ದೂರವಾಣಿಗೆ ಅವರು ನಾಲ್ಕು ಸಲ ಕರೆ ಮಾಡಿ ವಿಫಲರಾಗಿದ್ದರು. ಓಡಿಹೋಗುವವನು ಪೊಲೀಸರನ್ನು ತಾನೇ ಹುಡುಕಿ ಕರೆಯುತ್ತಾನೆಯೇ ಎಂದು ಯಾರಿಗೂ ಅನ್ನಿಸಬೇಕಾಗಿತ್ತು.

ಭಯೋತ್ಪಾದನೆಯ ವಿಚಾರಣೆಗಾಗಿ ೨೦೦೪ರಲ್ಲಿ ಮಾಡಿದ್ದ ತಿದ್ದುಪಡಿಯಂತೆ, ಆಪಾದನೆ ಹೊರಿಸದೆ ಒಬ್ಬನನ್ನು ಪ್ರಶ್ನಿಸಲು ಒಟ್ಟು ೨೪ ಗಂಟೆಗಳ ಮಿತಿಯಿತ್ತು. ಆದರೆ ಪ್ರಶ್ನಿಸದೆ ಕಳೆದ ಕಾಲವನ್ನು ಲೆಕ್ಕದಿಂದ ಬಿಡಲು ನ್ಯಾಯಾಧಿಕಾರಿಯ ಅನುಮತಿ ಪಡೆಯಬಹುದಾಗಿತ್ತು; ಆ ಬಿಟ್ಟ ಕಾಲಕ್ಕೆ ಮಿತಿಯೇ ಇರಲಿಲ್ಲ. ಗಡಿಯಾರದ ಮುಳ್ಳನ್ನು ಹೀಗೆ ನಿಲ್ಲಿಸಿ ನಿಲ್ಲಿಸಿ, ಹನ್ನೆರಡು ದಿನ ಅವರನ್ನು ಆಪಾದನೆಯಿಲ್ಲದೆ ಇಟ್ಟುಕೊಂಡರು. ಜುಲೈ ೧೪ರಂದು, ಭಯೋತ್ಪಾದಕ ಸಂಘಟನೆಗೆ ಅವಿವೇಕದಿಂದ ನೆರವು ನೀಡಿದರೆಂಬ ಆಪಾದನೆಯನ್ನು ಹೊರಿಸಿದರು. ನೆರವು ಯಾವುದೆಂದರೆ ಆ ಸಿಮ್ ಕಾರ್ಡು.

ಸರ್ಕಾರದ ಕಡೆಯ ಬರಹ

ಜಾಮೀನಿನ ವಿಚಾರಣೆಯಲ್ಲಿ ಸರ್ಕಾರದ ಪರ ವಕೀಲರು, ಹನೀಫರ ಸಿಮ್ ಕಾರ್ಡು ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿಯೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ತಿಳಿಸಿದರು. ಕೇಳಿದವರ ಎದೆ ನಡುಗದೆ ಇರದು. ಆದರೆ ಅದು ನಿಜವಲ್ಲ. ಕಾರ್ಡು ಸಿಕ್ಕಿದ್ದು ಜೀಪಿನಿಂದ ನೂರಾರು ಮೈಲಿ ದೂರದ ಲಿವರ್‌ಪೂಲಿನಲ್ಲಿ, ಅದನ್ನು ಪಡೆದಿದ್ದ ಸಬೀಲನ ಬಳಿಯಲ್ಲಿ. ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆ ಇದನ್ನು ಜುಲೈ ೨೦ರಂದು ಬಯಲು ಮಾಡಿತು.

ತಪ್ಪು ಅದೊಂದೇ ಆಗಿರಲಿಲ್ಲ. ಲಿವರ್‌ಪೂಲಿನ ಮನೆಯೊಂದರಲ್ಲಿ ಆ ಸೋದರರ ಜೊತೆಯಲ್ಲಿ ವಾಸಿಸಿದ್ದಾಗಿ ಹನೀಫರೇ ಹೇಳಿದರೆಂದು ಪೊಲೀಸರು ಸಲ್ಲಿಸಿದ ಪ್ರಮಾಣಪತ್ರದಲ್ಲಿ ಬರೆದಿತ್ತು. ಅವರು ಹೇಳಿದ್ದು ಬೇರೆ ಕೆಲವು ವೈದ್ಯರ ಜೊತೆಯಲ್ಲಿ ವಾಸಿಸಿದ್ದೆನೆಂದು. ಬರುವ ಟಿಕೀಟು ಏಕಿಲ್ಲವೆಂಬುದಕ್ಕೆ ಅವರು ಯಾವ ವಿವರಣೆಯನ್ನೂ ಕೊಡಲಿಲ್ಲವೆಂದೂ ಅದೇ ಪತ್ರ ಹೇಳಿತ್ತು. ಅವರು ವಿವರವಾಗಿಯೇ ಹೇಳಿದ್ದರು: ಕೈಯಲ್ಲಿ ಹಣವಿರಲಿಲ್ಲ, ಟಿಕೀಟನ್ನು ಮಾವನವರು ಕೊಂಡುಕೊಟ್ಟರು, ಮರಳುವಾಗ ಬೇರೆ ಕೊಳ್ಳುವ ಯೋಚನೆಯಿತ್ತು.

ಇದು ಹೊರಗೆ ಬಂದದ್ದಾದರೂ ಹೇಗೆ? ಪೊಲೀಸರು ಮೊದಲ ಸಲ ಪ್ರಶ್ನಿಸಿದಾಗ ನಡೆದ ಮಾತುಕತೆಯೆಲ್ಲವನ್ನೂ ಧ್ವನಿಮುದ್ರಿಸಿ, ೧೪೨ ಪುಟಗಳಲ್ಲಿ ಬರೆದಿಟ್ಟಿದ್ದರು. ವೀಸಾ ರದ್ದಾದ ಮೇಲೆ ಹನೀಫರ ಪರ ನ್ಯಾಯವಾದಿ ಸ್ಟೀಫನ್ ಕೀಮ್ ಅವರು ಆ ಬರಹವನ್ನು ಪತ್ರಿಕೆಯೊಂದಕ್ಕೆ ಕೊಟ್ಟರು. ಜುಲೈ ೧೮ರಂದು ಅದು ಪ್ರಕಟವಾಯಿತು. ಓದಿದವರು ಪ್ರಮಾಣಪತ್ರವನ್ನೂ ಮೂಲ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ವೃತ್ತಿಧರ್ಮವನ್ನು ಮೀರಿದರೆಂದು ಕೀಮ್ ಅವರ ಮೇಲೆ ದೂರು ಬಂದಿತಾದರೂ ಅದು ನಿಲ್ಲಲಿಲ್ಲ. ೨೦೦೯ರಲ್ಲಿ ಅವರಿಗೆ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಪದಕ ದೊರೆಯಿತು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಹನೀಫರನ್ನು ಉಳಿಸಿದ್ದು ಯಾವ ಪ್ರಭಾವಿ ವ್ಯಕ್ತಿಯ ಶಿಫಾರಸೂ ಅಲ್ಲ. ದೂರದ ದೇಶದಲ್ಲಿ, ಪೊಲೀಸರ ಮುಂದೆ ಒಬ್ಬಂಟಿಯಾಗಿ ಕುಳಿತು ಅವರು ಮೊದಲ ಸಲವೇ ಹೇಳಿದ ನಿಜ. ಸಿಮ್ ಕಾರ್ಡನ್ನು ಕೊಟ್ಟದ್ದು ತನಗೆ ಕೇಡು ತರಬಹುದೆಂದು ಅರಿತೂ ಅವರು ಅದನ್ನು ಅಡಗಿಸಲಿಲ್ಲ. ಆ ಸಂಗತಿಯನ್ನು ಹೆದರಿ ಮರೆಮಾಚಿದ್ದರೆ, ಸರ್ಕಾರದ ಪತ್ರದಲ್ಲಿದ್ದ ತಪ್ಪುಗಳೂ ಆ ಒಂದು ಸುಳ್ಳಿನ ನೆರಳಿನಲ್ಲಿ ನಿಜದಂತೆ ಕಾಣುತ್ತಿದ್ದವು.

ಎರಡು ತೀರ್ಪುಗಳು

ಜುಲೈ ೨೭ರಂದು ಆ ದೇಶದ ಮುಖ್ಯ ಅಭಿಯೋಜಕ ಡೇಮಿಯನ್ ಬಗ್ ಅವರು ಆಪಾದನೆಯನ್ನು ಹಿಂತೆಗೆದುಕೊಂಡರು. ಶಿಕ್ಷೆಯಾಗುವ ಸಂಭವವಿಲ್ಲವೆಂದು ಒಪ್ಪಿದರು. ಆದರೂ ಸಚಿವರು ವೀಸಾವನ್ನು ಮರಳಿ ಕೊಡಲಿಲ್ಲ. ಹನೀಫರು ಮರುದಿನವೇ ಹೊರಟು, ಜುಲೈ ೨೯ರಂದು ಬೆಂಗಳೂರನ್ನು ಸೇರಿ ಮಗುವನ್ನು ಎತ್ತಿಕೊಂಡರು. ಮೈಮೇಲೆ ಆಪಾದನೆಯಿಲ್ಲ, ಆದರೆ ವೀಸಾದ ಮೇಲಿನ ಕಳಂಕ ಹಾಗೆಯೇ ಉಳಿದಿತ್ತು.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಅವರ ವೀಸಾ ರದ್ದಾದದ್ದು ಅರ್ಜಿಯಲ್ಲಿ ತಪ್ಪು ಬರೆದುದಕ್ಕಾಗಿ ೧೦೯ನೆಯ ಕಲಮಿನಲ್ಲಿ ಅಲ್ಲ. ೫೦೧ನೆಯ ಕಲಮಿನಲ್ಲಿ, ನಡತೆಯ ಆಧಾರದ ಮೇಲೆ. ಅಪರಾಧಕ್ಕೆ ಸೇರಿದವರೆಂದು ಶಂಕಿಸಲಾದವರ 'ಸಹವಾಸ' ಇದ್ದರೆ ಸಾಕು, ಸಚಿವರೇ ರದ್ದುಮಾಡಬಹುದೆಂದು ಸರ್ಕಾರ ವಾದಿಸಿತು. ತಪ್ಪು ಉತ್ತರ ಕೊಟ್ಟವನಿಗಾದರೂ ಮೊದಲು ನೋಟೀಸು, ಹದಿನಾಲ್ಕು ದಿನಗಳ ಅವಕಾಶ; ಸಚಿವರೇ ನೇರವಾಗಿ ಪ್ರಯೋಗಿಸಿದ ಈ ಅಧಿಕಾರಕ್ಕೆ ಮೊದಲು ಕೇಳಬೇಕೆಂಬ ಕಟ್ಟೂ ಇರಲಿಲ್ಲ.

ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ಅವರು ವಿಚಾರಣೆಯ ವೇಳೆ ಮಾರ್ಮಿಕವಾಗಿ ಒಂದು ಮಾತನ್ನಾಡಿದರು. ಹಿಂದೆ ವಕೀಲರಾಗಿ ತಾವೂ ಆಪಾದಿತರ ಜೊತೆಯಲ್ಲಿ ಓಡಾಡಿದವರು; ಈ ಅಳತೆಯಿಂದ ಅಳೆದರೆ ತಾವೂ ತೇರ್ಗಡೆಯಾಗುವುದಿಲ್ಲ ಎಂದರು. ೨೦೦೭ರ ಆಗಸ್ಟ್ ೨೧ರಂದು ತೀರ್ಪು ಹೊರಬಿತ್ತು. ರಕ್ತಸಂಬಂಧ, ನೆರೆಹೊರೆ, ನಿರ್ದೋಷವಾದ ಸ್ನೇಹಗಳೆಲ್ಲವನ್ನೂ ಸಹವಾಸವೆಂದು ಎಣಿಸಲಾಗದು. ಸಚಿವರು ಹಿಡಿದ ಅಳತೆಗೋಲೇ ತಪ್ಪು. ರದ್ದುಮಾಡಿದ ಆಜ್ಞೆ ಊರ್ಜಿತವಲ್ಲ. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಡಿಸೆಂಬರ್ ೨೧ರಂದು ಪೂರ್ಣಪೀಠ ಅದನ್ನೂ ತಳ್ಳಿಹಾಕಿತು. ಅಷ್ಟರಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಗಿತ್ತು. ಹನೀಫರಿಗೆ ವೀಸಾ ಮರಳಿ ದೊರೆಯಿತು.

ಹೊಸ ಸರ್ಕಾರ ೨೦೦೮ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರನ್ನು ವಿಚಾರಣೆಗೆ ನೇಮಿಸಿತು. ಆ ವರ್ಷದ ಡಿಸೆಂಬರ್ ೨೩ರಂದು ಅವರ ವರದಿ ಪ್ರಕಟವಾಯಿತು. ಹನೀಫರ ಮೇಲೆ ಹೊರಿಸಿದ ಅಪರಾಧಕ್ಕೆ ಬೇಕಾದ ಸಾಕ್ಷ್ಯವೇ ಇರಲಿಲ್ಲವೆಂದು ಅವರು ಕಂಡುಕೊಂಡರು. ಹನೀಫರಿಗೂ ದಾಳಿಗೂ ಸಂಬಂಧವಿರುವುದಕ್ಕೆ ತಮ್ಮಲ್ಲಿ ಯಾವ ಮಾಹಿತಿಯೂ ಇಲ್ಲವೆಂದು ಆ ದೇಶದ ಗುಪ್ತಚರ ಸಂಸ್ಥೆ ಜುಲೈ ತಿಂಗಳಲ್ಲೇ ಸರ್ಕಾರಕ್ಕೆ ತಿಳಿಸಿತ್ತೆಂಬುದೂ ಬೆಳಕಿಗೆ ಬಂದಿತು. ಒಳಸಂಚು ನಡೆಯಿತೆಂದು ಕ್ಲಾರ್ಕ್ ಹೇಳಲಿಲ್ಲ, ತಪ್ಪುಗಳು ನಡೆದುವೆಂದರು. ೨೦೧೦ರ ಡಿಸೆಂಬರಿನಲ್ಲಿ ಹನೀಫರಿಗೆ ಪರಿಹಾರಧನ ಕೊಡುವ ಒಪ್ಪಂದವಾಯಿತು, ಮೊತ್ತವನ್ನು ಗುಟ್ಟಾಗಿಡಲಾಯಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ, ಗಡಿಯಾರವನ್ನು ನಿಲ್ಲಿಸಬಹುದಾದ ಕಾಲಕ್ಕೆ ಏಳು ದಿನಗಳ ಮಿತಿ ಬಿದ್ದಿತು.

ಮನೆಯವರು ಅರಿಯಬೇಕಾದದ್ದು

ಇಂದು ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳುಹಿಸಲು ಸಿದ್ಧವಾಗುತ್ತಿರುವ ತಂದೆತಾಯಿಗಳು ಈ ಕಥೆಯಿಂದ ಗಂಟು ಕಟ್ಟಿಕೊಳ್ಳಬೇಕಾದ ಬುದ್ಧಿ ಏನು?

ಅರ್ಜಿಯನ್ನು ಯಾರೇ ತುಂಬಲಿ, ರುಜು ಮಾಡುವ ಮೊದಲು ಪ್ರತಿಯೊಂದು ಸಾಲನ್ನೂ ಅರ್ಜಿದಾರನೇ ಓದಬೇಕು. ಓದಿದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಎರಡು ವರ್ಷದ ಅನುಭವವನ್ನು ಮೂರೆಂದು ಬರೆಯಿರಿ, ಹಿಂದೆ ನಿರಾಕರಿಸಿದ್ದನ್ನು ಹೇಳಬೇಡಿ, ಯಾರೂ ನೋಡುವುದಿಲ್ಲ ಎಂದು ಹೇಳುವ ಏಜೆಂಟನ ಮಾತನ್ನು ಕೇಳಬಾರದು. ನೋಡುವವರು ಇಂದಲ್ಲದಿದ್ದರೆ ಹತ್ತು ವರ್ಷದ ಮೇಲೆ ನೋಡುತ್ತಾರೆ; ಅಷ್ಟರಲ್ಲಿ ಅಲ್ಲಿ ಮನೆ ಕೊಂಡಿರುತ್ತದೆ, ಮಕ್ಕಳು ಅಲ್ಲಿಯ ಶಾಲೆಗೆ ಹೋಗುತ್ತಿರುತ್ತಾರೆ. ತಪ್ಪಾಗಿದೆಯೆಂದು ತಿಳಿದ ದಿನವೇ ತಾವಾಗಿ ಬರೆದು ತಿಳಿಸಬೇಕು. ಸರ್ಕಾರ ಕಂಡುಹಿಡಿದ ತಪ್ಪಿಗೂ ತಾನಾಗಿ ಒಪ್ಪಿಕೊಂಡ ತಪ್ಪಿಗೂ ತೂಗುವಾಗ ಅಂತರವುಂಟು. ನೋಟೀಸು ಬಂದರೆ ಹೆದರಿ ಪೆಟ್ಟಿಗೆಯಲ್ಲಿ ಬಚ್ಚಿಡದೆ, ಬಲ್ಲ ವಕೀಲರನ್ನು ಕಂಡು, ಅವಧಿಯೊಳಗೆ ಉತ್ತರ ಕೊಡಬೇಕು. ಮೌನಕ್ಕೆ ಅಲ್ಲಿ ಒಪ್ಪಿಗೆಯೆಂಬ ಅರ್ಥ ಬರಬಹುದು.

ಇಷ್ಟು ಪ್ರಜೆಯ ಕರ್ತವ್ಯ. ಆದರೆ ತಕ್ಕಡಿಗೆ ಎರಡು ತಟ್ಟೆಗಳುಂಟು. ಅರಿಯದೆ ಒಂದು ತಪ್ಪು ಬರೆದ ಅರ್ಜಿದಾರನಿಗೆ ಹದಿನಾಲ್ಕು ದಿನಗಳ ಅವಧಿ. ಸರ್ಕಾರದ ಕಡೆಯ ತಪ್ಪುಗಳು ಅಧಿಕೃತವಾಗಿ ಒಪ್ಪಿಗೆಯಾಗಲು ಹದಿನೇಳು ತಿಂಗಳು ಬೇಕಾಯಿತು. ಪರಿಹಾರಕ್ಕೆ ಮೂರು ವರ್ಷಕ್ಕೂ ಹೆಚ್ಚು. ಆ ನಡುವಿನ ಕಾಲದಲ್ಲಿ ಕಳೆದುಹೋದ ನೌಕರಿಯನ್ನೂ ನಿದ್ದೆಯನ್ನೂ ಯಾವ ತೀರ್ಪೂ ಮರಳಿ ಕೊಡಲಾರದು. ಆದರೂ ಅದೇ ದೇಶದ ಮ್ಯಾಜಿಸ್ಟ್ರೇಟರು, ಅದೇ ದೇಶದ ವಕೀಲರು, ಪತ್ರಿಕೆಗಳು, ನ್ಯಾಯಮೂರ್ತಿಗಳು ಪರದೇಶದ ಒಬ್ಬ ವೈದ್ಯನಿಗಾಗಿ ತಮ್ಮ ಸರ್ಕಾರವನ್ನೇ ಪ್ರಶ್ನಿಸಿದರೆಂಬುದನ್ನು ಮರೆಯಲಾಗದು. ಕಾಯಿದೆಯ ಕಣ್ಣು ಮುಚ್ಚಿದಾಗ ಅದನ್ನು ತೆರೆಸಬಲ್ಲವರು ಆ ದೇಶದಲ್ಲಿಯೂ ಇದ್ದರು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಅರ್ಜಿ ಬರೆಯುವವನಿಗೂ ಅದು ಸಲ್ಲುತ್ತದೆ. ಅರ್ಜಿಯ ಮೇಲೆ ಮೊಹರು ಒತ್ತುವವನಿಗೂ ಸಲ್ಲುತ್ತದೆ. ಕಾಡುಗೊಂಡನಹಳ್ಳಿಯ ಕಾಲೇಜಿನಿಂದ ಪ್ರತಿವರ್ಷ ಹೊಸ ವೈದ್ಯರು ಹೊರಬರುತ್ತಾರೆ. ಅವರಲ್ಲಿ ಕೆಲವರು ಈ ಸಂಜೆಯೂ ದೂರದ ಯಾವುದೋ ದೇಶದ ನಮೂನೆಯನ್ನು ಮುಂದಿಟ್ಟುಕೊಂಡು ಕುಳಿತಿರಬಹುದು. ಅವರು ನಿಜವನ್ನೇ ಬರೆಯಲಿ. ಅದನ್ನು ಓದುವವರೂ ನಿಜವನ್ನೇ ಓದಲಿ.